ಒತ್ತಿದ ಹಾಳೆ ವಾಹಕ, ಅಚ್ಚಿನ ತಟ್ಟೆ ಅವಾಹಕ: ನ್ಯಾನೋಟ್ಯೂಬ್ ಬೆರೆತ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯುವ ಬಗೆ

ಪ್ರಶ್ನೆ: ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿಗೆ ತೂಕದಲ್ಲಿ ಶೇ. 2ರಷ್ಟು ಬಹುಭಿತ್ತಿಯ ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು (ಇಂಗಾಲದ ಅತಿ ಸೂಕ್ಷ್ಮ ನಳಿಕೆಗಳನ್ನು) ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರಿನಲ್ಲಿ, ಅಂದರೆ ಎರಡು ಸ್ಕ್ರೂಗಳ ನಡುವೆ ಕರಗಿಸಿ ಬೆರೆಸುವ ಯಂತ್ರದಲ್ಲಿ, ಬೆರೆಸಿ ಗ್ರಾನ್ಯೂಲ್ (ಸಣ್ಣ ಕಾಳು) ಮಾಡಿಕೊಂಡಿದ್ದೇವೆ. ಅದನ್ನು ಬಿಸಿ ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಹಾಳೆಯ ರೋಧ ಕೆಲವು ಸಾವಿರ ಓಮ್ ಬರುತ್ತದೆ. ಅದೇ ಗ್ರಾನ್ಯೂಲಿನಿಂದ ಇಂಜೆಕ್ಷನ್ ಮೋಲ್ಡಿಂಗ್ (ಕರಗಿಸಿ ಅಚ್ಚಿನೊಳಗೆ ನುಗ್ಗಿಸುವುದು) ಮಾಡಿದ 2 ಮಿಲಿಮೀಟರ್ ದಪ್ಪದ ತಟ್ಟೆಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಒತ್ತಿ ಹಿಡಿದರೆ ಏನೂ ತೋರಿಸುವುದಿಲ್ಲ. ಶೇ. 0.1ಕ್ಕಿಂತ ಕಡಿಮೆ ನ್ಯಾನೋಟ್ಯೂಬ್ ಸಾಕು ಎಂದು ಪ್ರಬಂಧಗಳಲ್ಲಿ ಓದಿದ್ದೆವು. ಪ್ರಮಾಣವನ್ನು ಶೇ. 4ಕ್ಕೆ ಏರಿಸಿದರೆ ಸರಿಹೋಗುತ್ತದೆಯೇ? ನಮಗೆ ಬೇಕಾಗಿರುವುದು ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಇಡಲು, ಸ್ಥಿರ ವಿದ್ಯುತ್ತು ಶೇಖರವಾಗದಂಥ ಟ್ರೇ.

ಉತ್ತರ: ಪ್ರಮಾಣವನ್ನು ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಹಾಳೆಯಲ್ಲೂ ತಟ್ಟೆಯಲ್ಲೂ ಇರುವ ನಳಿಕೆಗಳ ಪ್ರಮಾಣ ಒಂದೇ, ಪಾಲಿಮರ್ ಒಂದೇ. ಆದರೂ ಒಂದರಲ್ಲಿ ವಿದ್ಯುತ್ತು ಹರಿಯುತ್ತದೆ, ಇನ್ನೊಂದರಲ್ಲಿ ಹರಿದಂತೆ ಕಾಣುವುದಿಲ್ಲ. ಹಾಗಿದ್ದಮೇಲೆ ಕಾರಣವನ್ನು ನಳಿಕೆಗಳ ಪ್ರಮಾಣದಲ್ಲಿ ಹುಡುಕುವುದಕ್ಕಿಂತ, ಕರಗಿದ ಪ್ಲಾಸ್ಟಿಕ್ಕು ಗಟ್ಟಿಯಾಗುವವರೆಗೆ ಆ ನಳಿಕೆಗಳು ಏನೇನು ಅನುಭವಿಸಿದವು ಎಂಬುದರಲ್ಲಿ ಹುಡುಕಬೇಕಾಗುತ್ತದೆ. ಅದಕ್ಕೂ ಮೊದಲು, ತಟ್ಟೆ ನಿಜಕ್ಕೂ ಅವಾಹಕವೇ ಎಂಬುದನ್ನೇ ಪ್ರಶ್ನಿಸಬೇಕು.

ಸಾಮಾನ್ಯ ಮಲ್ಟಿಮೀಟರು ಹತ್ತಾರು ಮೆಗಾಓಮ್ ದಾಟಿದ ಕೂಡಲೇ ಕೈಚೆಲ್ಲುತ್ತದೆ. ಸ್ಥಿರ ವಿದ್ಯುತ್ತನ್ನು ನಿಧಾನವಾಗಿ ಇಳಿಸಿಬಿಡುವ ಪ್ಯಾಕಿಂಗ್ ಸಾಮಗ್ರಿಗೆ ಅಂತರರಾಷ್ಟ್ರೀಯ ಮಾನಕಗಳು ಒಪ್ಪುವ ಮೇಲ್ಮೈ ರೋಧವೋ 10 ಸಾವಿರ ಓಮ್‌ನಿಂದ 10ರ ಘಾತ 11 ಓಮ್‌ವರೆಗೆ ಚಾಚಿಕೊಂಡಿದೆ. ಅಂದರೆ ನಿಮ್ಮ ಮೀಟರು ‘ಏನೂ ಇಲ್ಲ’ ಎಂದ ತಟ್ಟೆಯ ರೋಧ 10ರ ಘಾತ 8 ಓಮ್ ಇದ್ದರೂ ಇರಬಹುದು. ಟ್ರೇಗೆ ಅಷ್ಟೇ ಸಾಕು. 100 ವೋಲ್ಟ್ ಕೊಟ್ಟು ಅಳೆಯುವ, ವೃತ್ತಾಕಾರದ ವಿದ್ಯುದ್ವಾರಗಳಿರುವ ಮೇಲ್ಮೈ ರೋಧಮಾಪಕವನ್ನು ಎರವಲು ತಂದಾದರೂ ಒಮ್ಮೆ ಅಳೆದು ನೋಡಿ. ಹಾಳೆಯಂಥ ಕಡಿಮೆ ರೋಧದ ಮಾದರಿಗೆ ಮಾತ್ರ ನಾಲ್ಕು ಬಿಂದುಗಳ ವಿಧಾನ (ಎರಡು ಕಡ್ಡಿಗಳಿಂದ ವಿದ್ಯುತ್ತು ಹರಿಸಿ, ಬೇರೆ ಎರಡರಿಂದ ವೋಲ್ಟೇಜ್ ಅಳೆಯುವುದು) ಹೊಂದುತ್ತದೆ. ಎರಡೇ ಕಡ್ಡಿ ಇಟ್ಟು ಅಳೆದಾಗ ಕಡ್ಡಿಗೂ ಪ್ಲಾಸ್ಟಿಕ್ಕಿಗೂ ನಡುವಿನ ಸಂಪರ್ಕ ರೋಧವೂ ಲೆಕ್ಕಕ್ಕೆ ಸೇರಿಕೊಂಡು, ವಸ್ತುವಿನ ಸ್ವಂತ ರೋಧ ಎಷ್ಟೆಂಬುದು ತಿಳಿಯದೇ ಹೋಗುತ್ತದೆ.

ಅಳತೆಯಲ್ಲಿ ಇನ್ನೊಂದು ಮರೆಯೂ ಇದೆ. ಇಂಜೆಕ್ಷನ್ ಮೋಲ್ಡಿಂಗಿನ ತಟ್ಟೆಗೆ ಒಂದು ತೊಗಲು ಇರುತ್ತದೆ. ಕರಗಿದ ಪಾಲಿಮರು ತಣ್ಣನೆಯ ಅಚ್ಚಿನ ಗೋಡೆಗೆ ತಗುಲಿದ ಕ್ಷಣದಲ್ಲೇ ಹೆಪ್ಪುಗಟ್ಟುತ್ತದೆ. ಆ ಪದರದಲ್ಲಿ ನಳಿಕೆಗಳು ಹರಿವಿನ ದಿಕ್ಕಿಗೆ ಮಲಗಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಒಳಗೆ ವಾಹಕವಾಗಿರುವ ತಟ್ಟೆಯೂ ತೊಗಲಿನ ಮೇಲೆ ಅಳೆದಾಗ ಅವಾಹಕವೆನಿಸುವುದು ಇದರಿಂದ. ಪರೀಕ್ಷೆ ಸುಲಭ. ತಟ್ಟೆಯಿಂದ ಒಂದು ಪಟ್ಟಿಯನ್ನು ಕತ್ತರಿಸಿ, ಕತ್ತರಿಸಿದ ಎರಡೂ ತುದಿಗಳಿಗೆ ಬೆಳ್ಳಿಯ ಬಣ್ಣ ಹಚ್ಚಿ, ಒಣಗಿದ ಮೇಲೆ ಉದ್ದಕ್ಕೆ ಅಳೆಯಿರಿ. ಆಮೇಲೆ ಇನ್ನೊಂದು ತುಂಡಿನ ಮೇಲ್ಮೈಯನ್ನು ನೀರು ಹಾಕಿಕೊಂಡು ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಬೆಳ್ಳಿ ಹಚ್ಚಿ ಅಳೆಯಿರಿ. ಈ ಎರಡು ಅಂಕಿಗಳು ನೀವು ಮೊದಲು ಅಳೆದದ್ದಕ್ಕಿಂತ ಎಷ್ಟೋ ಕಡಿಮೆ ಬಂದರೆ, ಒಳಗಿನ ಜಾಲ ಚೆನ್ನಾಗಿಯೇ ಇದೆ, ತೊಂದರೆ ಇರುವುದು ತೊಗಲಿನಲ್ಲಿ ಎಂದು ತಿಳಿಯಬಹುದು. ನೀರು ಹಾಕಿ ಉಜ್ಜಿ ಎಂದದ್ದೇಕೆಂದು ಕೊನೆಗೆ ಹೇಳುತ್ತೇನೆ.

ಈಗ ‘ಶೇ. 0.1 ಸಾಕು’ ಎಂಬ ಮಾತಿಗೆ ಬರೋಣ. ಅದು ಸುಳ್ಳಲ್ಲ, ಆದರೆ ಅದು ನಿಮ್ಮ ವಸ್ತುವಿನ ಬಗ್ಗೆ ಹೇಳಿದ ಮಾತಲ್ಲ. ಅವಾಹಕವಾದ ಪಾಲಿಮರಿನೊಳಗೆ ವಾಹಕ ಕಣಗಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋದರೆ, ಬಹಳ ಹೊತ್ತು ಏನೂ ಆಗುವುದಿಲ್ಲ. ಒಂದು ಹಂತದಲ್ಲಿ, ಕಣಗಳು ಒಂದಕ್ಕೊಂದು ತಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಮೊದಲ ಸರಪಳಿ ಕಟ್ಟಿಕೊಂಡಾಗ, ವಾಹಕತೆ ಥಟ್ಟನೆ ಹತ್ತು-ಹನ್ನೆರಡು ದಶಮಾನ (ಒಂದು ದಶಮಾನವೆಂದರೆ ಹತ್ತು ಪಟ್ಟು) ಮೇಲೇರುತ್ತದೆ. ಇದಕ್ಕೆ ಪರ್ಕೊಲೇಷನ್ ಹೊಸ್ತಿಲು ಎನ್ನುತ್ತಾರೆ. ಈ ಗಣಿತವನ್ನು 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್ಸ್ಲಿ ಆರಂಭಿಸಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಪ್ಲಾಸ್ಟಿಕ್ಕಲ್ಲ, ರಂಧ್ರಮಯ ವಸ್ತುವಿನೊಳಗೆ ದ್ರವ ಅಥವಾ ಅನಿಲ ಇಳಿಯುವ ಬಗೆ. ಗುಂಡಾದ ಕಣಗಳಾದರೆ ಈ ಹೊಸ್ತಿಲು ಗಾತ್ರದಲ್ಲಿ ಸುಮಾರು ಶೇ. 16ರ ಹತ್ತಿರ ಬರುತ್ತದೆ. ಉದ್ದನೆಯ ಕಡ್ಡಿಗಳು ದೂರದೂರಕ್ಕೆ ಕೈಚಾಚಿಕೊಂಡಿರುವುದರಿಂದ ಬಹಳ ಕಡಿಮೆ ಸಂಖ್ಯೆಯಲ್ಲೇ ಒಂದನ್ನೊಂದು ಮುಟ್ಟುತ್ತವೆ. ಅಡ್ಡಾದಿಡ್ಡಿಯಾಗಿ ಚೆಲ್ಲಿದ ತೆಳುವಾದ ಕಡ್ಡಿಗಳಿಗೆ ಒಂದು ಒರಟು ಲೆಕ್ಕವಿದೆ: ಉದ್ದವನ್ನು ವ್ಯಾಸದಿಂದ ಭಾಗಿಸಿ, ಬಂದ ಸಂಖ್ಯೆಯಿಂದ 0.7ನ್ನು ಭಾಗಿಸಿದರೆ ಗಾತ್ರದ ಲೆಕ್ಕದಲ್ಲಿ ಹೊಸ್ತಿಲು ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಈ ಲೆಕ್ಕವನ್ನು ನಿಮ್ಮ ವಸ್ತುವಿಗೇ ಹಾಕಿ ನೋಡೋಣ. ಮಾರುಕಟ್ಟೆಯಲ್ಲಿ ಸಿಗುವ ಬಹುಭಿತ್ತಿಯ ನಳಿಕೆಯ ವ್ಯಾಸ ಸುಮಾರು 10 ನ್ಯಾನೋಮೀಟರ್, ಉದ್ದ ಸುಮಾರು ಒಂದೂವರೆ ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. ಉದ್ದ ವ್ಯಾಸದ 150 ಪಟ್ಟು. ಹೊಸ್ತಿಲು ಗಾತ್ರದಲ್ಲಿ ಶೇ. 0.47. ನಳಿಕೆಯ ಸಾಂದ್ರತೆಯನ್ನು 1.75, ಪಾಲಿಕಾರ್ಬೊನೇಟಿನದನ್ನು 1.2 ಎಂದು ಹಿಡಿದರೆ ತೂಕದಲ್ಲಿ ಇದು ಸುಮಾರು ಶೇ. 0.7 ಆಗುತ್ತದೆ. ನೀವು ಹಾಕಿರುವುದು ಶೇ. 2, ಇಷ್ಟರಿಂದ ನೋಡಿದರೆ ಬೇಕಾದಷ್ಟಾಯಿತು. ಆದರೆ ಎಕ್ಸ್‌ಟ್ರೂಡರಿನ ಸ್ಕ್ರೂಗಳ ನಡುವೆ ಸಿಕ್ಕಿದ ನಳಿಕೆಗಳು ಮುರಿಯುತ್ತವೆ, ಬೆರೆಸಿ ಮುಗಿಸುವ ಹೊತ್ತಿಗೆ ಮೂಲ ಉದ್ದದ ಮೂರನೇ ಒಂದು ಭಾಗಕ್ಕೆ ಇಳಿಯುವುದು ಅಪರೂಪವೇನಲ್ಲ. ಉದ್ದ ಅರ್ಧ ಮೈಕ್ರೋಮೀಟರಿಗೆ ಇಳಿಯಿತೆನ್ನಿ. ಅನುಪಾತ 50 ಆಯಿತು, ಹೊಸ್ತಿಲು ಗಾತ್ರದಲ್ಲಿ ಶೇ. 1.4ಕ್ಕೆ, ಅಂದರೆ ತೂಕದಲ್ಲಿ ಸರಿಸುಮಾರು ಶೇ. 2ಕ್ಕೆ ಬಂದು ನಿಂತಿತು. ನಿಮ್ಮ ಮಿಶ್ರಣ ನಿಂತಿರುವುದು ಸರಿಯಾಗಿ ಹೊಸ್ತಿಲಿನ ಮೇಲೆ. ಅಲ್ಲಿ ನಿಂತ ವಸ್ತು ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಸಣ್ಣಪುಟ್ಟ ಸಂಗತಿಗಳು ತೀರ್ಮಾನಿಸುತ್ತವೆ.

ಹಾಗಾದರೆ ಪ್ರಬಂಧಗಳ ಆ ಅತಿ ಕಡಿಮೆ ಅಂಕಿಗಳು ಎಲ್ಲಿಂದ ಬಂದವು? ಹೆಚ್ಚಿನವು ಎಪಾಕ್ಸಿ ಎಂಬ ರಾಳದಿಂದ ಬಂದವು. 2003ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಎಪಾಕ್ಸಿಯ ಹೊಸ್ತಿಲು ತೂಕದಲ್ಲಿ ಶೇ. 0.0025ರಷ್ಟು ಕೆಳಗೆ ದಾಖಲಾಯಿತು. ಕಡ್ಡಿಗಳ ಒರಟು ಲೆಕ್ಕ ಒಪ್ಪುವುದಕ್ಕಿಂತ ಇದು ಎಷ್ಟೋ ಕಡಿಮೆ. ಗಟ್ಟಿಯಾಗುವ ಮೊದಲು ಎಪಾಕ್ಸಿ ತೆಳುವಾದ ದ್ರವ. ಅದರಲ್ಲಿ ಚೆದುರಿದ ನಳಿಕೆಗಳಿಗೆ ಅಲುಗಾಡಲು ಎಡೆಯೂ ಇದೆ, ಸಮಯವೂ ಇದೆ. ಅವು ಪರಸ್ಪರ ಸೆಳೆದುಕೊಂಡು ಸಡಿಲವಾದ ಎಳೆಎಳೆಯ ಗುಂಪುಗಳಾಗಿ ತಾವಾಗಿಯೇ ಜಾಲ ಕಟ್ಟಿಕೊಳ್ಳುತ್ತವೆ. ಅಡ್ಡಾದಿಡ್ಡಿಯಾಗಿ ಚೆಲ್ಲಿದ ಕಡ್ಡಿಗಳಿಗೂ, ಹುಡುಕಿಕೊಂಡು ಹೋಗಿ ಕೈಹಿಡಿದ ಕಡ್ಡಿಗಳಿಗೂ ವ್ಯತ್ಯಾಸ ಇರಲೇಬೇಕಲ್ಲ. ಕರಗಿದ ಪಾಲಿಕಾರ್ಬೊನೇಟಾದರೋ ಅಂಟಿನಂತೆ ದಪ್ಪ, ಅಚ್ಚಿನೊಳಗೆ ಅದು ದ್ರವವಾಗಿ ಉಳಿಯುವುದು ಕೆಲವೇ ಸೆಕೆಂಡು.

ಇಲ್ಲಿ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ತಿದ್ದಬೇಕು. ನಳಿಕೆಗಳನ್ನು ಎಷ್ಟು ಚೆನ್ನಾಗಿ ಬಿಡಿಬಿಡಿಯಾಗಿ ಹರಡಿದರೆ ವಾಹಕತೆ ಅಷ್ಟು ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ; ನಾನೂ ಬಹಳ ಕಾಲ ನಂಬಿದ್ದೆ. ಆದರೆ ಒಂದೊಂದು ನಳಿಕೆಯೂ ಪಾಲಿಮರಿನ ಹೊದಿಕೆ ಹೊದ್ದು ಪಕ್ಕದ್ದರಿಂದ ದೂರ ನಿಂತುಬಿಟ್ಟರೆ, ಸೂಕ್ಷ್ಮದರ್ಶಕದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಆ ವಸ್ತುವಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಎರಡು ನಳಿಕೆಗಳು ತಾಕಿದಂತಿರುವ ಕಡೆಯಲ್ಲೂ ನಡುವೆ ಪಾಲಿಮರಿನ ಒಂದು ತೆಳುಪೊರೆ ಇರುತ್ತದೆ, ಎಲೆಕ್ಟ್ರಾನುಗಳು ಅದನ್ನು ದಾಟುವುದು ಕ್ವಾಂಟಂ ಸುರಂಗನದಿಂದ, ಅಂದರೆ ತೆಳುವಾದ ತಡೆಯ ಮೂಲಕವೇ ತೂರಿಹೋಗುವುದರಿಂದ. ಆ ಪೊರೆ ಸುಮಾರು 2 ನ್ಯಾನೋಮೀಟರಿಗಿಂತ ದಪ್ಪವಾದರೆ ದಾರಿ ಮುಚ್ಚಿದಂತೆಯೇ ಸರಿ. ಅದಕ್ಕಿಂತ ತೆಳುವಾಗಿದ್ದರೂ ದಪ್ಪ ಸ್ವಲ್ಪ ಹೆಚ್ಚಿದರೆ ರೋಧ ಘಾತೀಯವಾಗಿ ಏರುತ್ತದೆ. ಒಂದು ಒಳ್ಳೆಯ ನಳಿಕೆಯ ಸ್ವಂತ ವಾಹಕತೆ ಮೀಟರಿಗೆ ಲಕ್ಷದಿಂದ ಕೋಟಿ ಸೀಮೆನ್ಸ್‌ವರೆಗೆ ಇರಬಹುದಾದರೂ, ಅದನ್ನು ತುಂಬಿದ ಪ್ಲಾಸ್ಟಿಕ್ಕು ಸಾಮಾನ್ಯವಾಗಿ 1ರಿಂದ 100 ಸೀಮೆನ್ಸ್ ಆಸುಪಾಸಿನಲ್ಲೇ ನಿಂತುಬಿಡುವುದಕ್ಕೆ ಈ ಸಂಧಿಗಳೇ ಕಾರಣ. ಹೊಳೆ ಎಷ್ಟೇ ದೊಡ್ಡದಿರಲಿ, ಹರಿಯಬೇಕಾದದ್ದು ತೂಬಿನ ಮೂಲಕವಲ್ಲವೇ.

ಆದ್ದರಿಂದ ಬೇಕಾಗಿರುವುದು ಎರಡು ಹಂತದ ಕೆಲಸ. ಮೊದಲು ಪುಡಿಯಲ್ಲಿರುವ ಗಟ್ಟಿ ಉಂಡೆಗಳನ್ನು ಒಡೆಯಬೇಕು. ಇವು ಕಾರ್ಖಾನೆಯಲ್ಲಿ ಬೆಳೆದಾಗಲೇ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತವೆ, ಒಡೆಯದಿದ್ದರೆ ಹಾಕಿದ ನಳಿಕೆಯ ದೊಡ್ಡ ಪಾಲು ಆ ಉಂಡೆಗಳೊಳಗೇ ವ್ಯರ್ಥವಾಗುತ್ತದೆ. ಒಡೆದ ಮೇಲೆ, ಬಿಡಿಯಾದ ನಳಿಕೆಗಳಿಗೆ ಮತ್ತೆ ಸಡಿಲವಾಗಿ ಗುಂಪುಗೂಡಲು ಅವಕಾಶ ಕೊಡಬೇಕು. ಮೊದಲನೆಯದಕ್ಕೆ ಬಲ ಬೇಕು, ಎರಡನೆಯದಕ್ಕೆ ವಿರಾಮ ಬೇಕು. ಬಿಸಿ ಪ್ರೆಸ್ಸಿನಲ್ಲಿ ನಿಮ್ಮ ಗ್ರಾನ್ಯೂಲುಗಳು ಕೆಲವು ನಿಮಿಷ ಕರಗಿ ಸುಮ್ಮನೆ ಕೂತಿದ್ದವು. ಅಷ್ಟರಲ್ಲಿ ಜಾಲ ಕಟ್ಟಿಕೊಂಡಿತು. ಇಂಜೆಕ್ಷನ್ ಯಂತ್ರದಲ್ಲಿ ಅಚ್ಚಿನ ಬಾಯಾದ ಕಿರಿದಾದ ಗೇಟಿನ ಮೂಲಕ ಅದೇ ವಸ್ತು ರಭಸದಿಂದ ನುಗ್ಗುವಾಗ ಜಾಲ ಹರಿದುಹೋಯಿತು, ನಳಿಕೆಗಳು ಹರಿವಿನ ದಿಕ್ಕಿಗೆ ಬಾಚಿಟ್ಟಂತೆ ಮಲಗಿದವು, ಮತ್ತೆ ಕೂಡಿಕೊಳ್ಳುವ ಮೊದಲೇ ತಣ್ಣಗಾದವು. ಒಂದೇ ದಿಕ್ಕಿಗೆ ಮಲಗಿದ ಕಡ್ಡಿಗಳು ಒಂದನ್ನೊಂದು ತಾಕುವ ಸಂಭವ ಅಡ್ಡಾದಿಡ್ಡಿ ಕಡ್ಡಿಗಳಿಗಿಂತ ಕಡಿಮೆ ಎಂಬುದು ಬೇರೆ ಹೇಳಬೇಕಿಲ್ಲ.

ಇದು ನಿಜವೇ ಎಂದು ನೋಡಲು ಒಂದು ಪ್ರಯೋಗವಿದೆ, ಅದನ್ನು ಮಾಡಿ ನೋಡದೆ ಯಂತ್ರದ ತಿರುಪುಗಳಿಗೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ತಟ್ಟೆಯ ಒಂದು ತುಂಡನ್ನು ಕರಗಿದಾಗ ಹರಡದಂತೆ ಚೌಕಟ್ಟಿನೊಳಗೆ ಕೂರಿಸಿ, ಎರಡು ಅವಾಹಕ ಫಲಕಗಳ ನಡುವೆ ಇಟ್ಟು, ತುದಿಗಳಿಗೆ ತಾಮ್ರದ ಪಟ್ಟಿ ತಾಕಿಸಿ, ತಂತಿಗಳನ್ನು ರೋಧಮಾಪಕಕ್ಕೆ ಕೊಡಿ. ನಂತರ ಬಿಸಿ ಮಾಡುತ್ತ ಹೋಗಿ. ಪಾಲಿಕಾರ್ಬೊನೇಟಿನ ಗಾಜು ಸ್ಥಿತ್ಯಂತರ, ಅಂದರೆ ಗಡುಸು ಪ್ಲಾಸ್ಟಿಕ್ಕು ಮೆದುವಾಗತೊಡಗುವ ತಾಪಮಾನ, ಸುಮಾರು 150 ಡಿಗ್ರಿ ಸೆಲ್ಸಿಯಸ್. ಅಲ್ಲಿಯವರೆಗೆ ದೊಡ್ಡ ಬದಲಾವಣೆ ಕಾಣುವುದಿಲ್ಲ. 200 ಡಿಗ್ರಿ ದಾಟಿದ ಮೇಲೆ ಹಾಗೇ ಹಿಡಿದಿಟ್ಟು ನೋಡುತ್ತಿದ್ದರೆ ಅಂಕಿಗಳು ಇಳಿಯತೊಡಗುತ್ತವೆ. ಮೊದಲ ಬಾರಿ ನಾನಿದನ್ನು ಮಾಡಿದಾಗ ಉಪಕರಣ ಕೆಟ್ಟಿತೆಂದೇ ಭಾವಿಸಿ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಿದ್ದೆ. ಯಾರೂ ಏನನ್ನೂ ಸೇರಿಸದೆ, ಕಲಕದೆ, ಸುಮ್ಮನೆ ಬಿಸಿಯಲ್ಲಿ ಕೂತ ಪ್ಲಾಸ್ಟಿಕ್ಕಿನ ತುಂಡೊಂದರ ರೋಧ ಕಣ್ಣೆದುರಿಗೇ ದಶಮಾನದಿಂದ ದಶಮಾನಕ್ಕೆ ಜಾರುತ್ತಿತ್ತು. ತಣ್ಣಗಾದ ಮೇಲೂ ಅದು ವಾಹಕವಾಗಿಯೇ ಉಳಿಯಿತು. ನಿಮ್ಮ ತಟ್ಟೆಯೂ ಹೀಗೇ ವರ್ತಿಸಿದರೆ ನಳಿಕೆಗಳು ಸಾಕಷ್ಟಿವೆ, ಸಾಕಷ್ಟು ಉದ್ದವೂ ಇವೆ, ಕೊರತೆಯಾದದ್ದು ಸಮಯ ಎಂಬುದು ಖಚಿತವಾಗುತ್ತದೆ.

ಆಗ ಮಾಡಬೇಕಾದದ್ದು ಅಚ್ಚಿನ ಹತ್ತಿರ. ಇಂಜೆಕ್ಷನ್ ವೇಗವನ್ನು ಇಳಿಸಿ; ನಾನು ಮೊದಲು ಮುಟ್ಟುವುದು ಇದನ್ನೇ. ಕರಗಿದ ಪಾಲಿಮರಿನ ತಾಪಮಾನವನ್ನು 280 ಡಿಗ್ರಿಯಲ್ಲಿ ಇಟ್ಟಿದ್ದರೆ 300-310ರತ್ತ ತನ್ನಿ, ಅಚ್ಚಿನ ತಾಪಮಾನವನ್ನು 80ರಿಂದ 110-120 ಡಿಗ್ರಿಗೆ ಏರಿಸಿ. ಪ್ರತಿಯೊಂದು ಭಾಗಕ್ಕೂ ಹಿಡಿಯುವ ಸಮಯ ಹೆಚ್ಚುತ್ತದೆ, ಉತ್ಪಾದನೆಯವರು ಗೊಣಗುತ್ತಾರೆ, ಆದರೆ ಈ ಮೂರು ಬದಲಾವಣೆಗಳಿಂದಲೇ ರೋಧ ಹಲವು ದಶಮಾನ ಇಳಿಯುವುದು ಈ ಕ್ಷೇತ್ರದಲ್ಲಿ ಮತ್ತೆಮತ್ತೆ ಕಂಡುಬಂದಿರುವ ಸಂಗತಿ. ಗೇಟು ತೀರ ಕಿರಿದಾಗಿದ್ದರೆ ಅಗಲಿಸುವುದರಿಂದಲೂ ಲಾಭವಿದೆ. ಪಾಲಿಕಾರ್ಬೊನೇಟನ್ನು 120 ಡಿಗ್ರಿಯಲ್ಲಿ ಮೂರು-ನಾಲ್ಕು ಗಂಟೆ ಒಣಗಿಸಿದ ಮೇಲೆಯೇ ಬಳಸುತ್ತಿದ್ದೀರಿ ಎಂದು ಭಾವಿಸಿದ್ದೇನೆ. ತಾಪಮಾನ ಏರಿಸಿದಾಗ ತೇವ ಉಳಿದಿದ್ದರೆ ಪಾಲಿಮರಿನ ಅಣುಸರಪಳಿಗಳು ಕಡಿದು ಟ್ರೇ ಪೆಡಸಾಗುತ್ತದೆ.

ಶೇ. 4ಕ್ಕೆ ಏರಿಸಿದರೆ ಏನಾಗುತ್ತದೆ ಎಂದು ಕೇಳಿದಿರಿ. ರೋಧ ಇಳಿಯುತ್ತದೆ, ಅನುಮಾನವಿಲ್ಲ. ಜೊತೆಗೆ ಸ್ನಿಗ್ಧತೆ ಬಹಳವಾಗಿ ಏರುತ್ತದೆ, ಏಕೆಂದರೆ ವಿದ್ಯುತ್ತಿಗೆ ದಾರಿಯಾಗುವ ಜಾಲವೇ ಹರಿವಿಗೆ ತಡೆಯೂ ಹೌದು. ಅಚ್ಚು ತುಂಬಲು ಹೆಚ್ಚು ಒತ್ತಡ ಬೇಕಾಗುತ್ತದೆ, ಹೆಚ್ಚು ಒತ್ತಡದಲ್ಲಿ ನುಗ್ಗಿಸಿದಾಗ ಜಾಲ ಇನ್ನಷ್ಟು ಹರಿದುಹೋಗುತ್ತದೆ, ಹೀಗೆ ಕೊಟ್ಟದ್ದರಲ್ಲಿ ಒಂದು ಪಾಲು ವಾಪಸು ಹೋಗುತ್ತದೆ. ಪಾಲಿಕಾರ್ಬೊನೇಟನ್ನು ಜನ ಆರಿಸಿಕೊಳ್ಳುವುದೇ ಅದರ ಬಗ್ಗುವ, ಪೆಟ್ಟು ತಾಳುವ ಗುಣಕ್ಕಾಗಿ. ನಳಿಕೆ ಹೆಚ್ಚಿದಷ್ಟೂ, ಅದರಲ್ಲೂ ಒಡೆಯದ ಉಂಡೆಗಳು ಉಳಿದಿದ್ದರೆ, ಆ ಗುಣ ಮೊದಲು ಹೋಗುತ್ತದೆ. ಆದರೂ ಶೇ. 2ರಲ್ಲೇ ನಿಲ್ಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಮೇಲೆ ಹೇಳಿದಂತೆ ಹೊಸ್ತಿಲಿನ ಮೇಲೆ ನಿಂತ ವಸ್ತುವಿನಿಂದ ದಿನವೂ ಒಂದೇ ಗುಣದ ಟ್ರೇ ತೆಗೆಯುವುದು ಕಷ್ಟ. ವಿಪರ್ಯಾಸವೆಂದರೆ, ಟ್ರೇಗೆ ಬಹಳ ಹಿತವಾದ 10ರ ಘಾತ 6ರಿಂದ 9ರ ನಡುವಿನ ರೋಧ ಇರುವುದು ಆ ಕಡಿದಾದ ಇಳಿಜಾರಿನಲ್ಲೇ. ಅಲ್ಲಿ ಪ್ರಮಾಣ ಶೇ. 0.2ರಷ್ಟು ಅತ್ತಿತ್ತ ಆದರೂ ರೋಧ ಸಾವಿರ ಪಟ್ಟು ಜಿಗಿಯಬಹುದು. ಆದ್ದರಿಂದ ಮೋಲ್ಡಿಂಗ್ ಸರಿಪಡಿಸಿಕೊಂಡ ಬಳಿಕ, 1.5, 2, 2.5, 3 ಎಂದು ನಾಲ್ಕು ಮಿಶ್ರಣಗಳನ್ನು ಮಾಡಿ, ತಟ್ಟೆಗಳ ರೋಧವನ್ನು ಗ್ರಾಫಿಗೆ ಹಾಕಿ, ಗೆರೆ ಸಮತಟ್ಟಾಗತೊಡಗುವ ಜಾಗದಿಂದ ತುಸು ಆಚೆಗೆ ನಿಮ್ಮ ಪ್ರಮಾಣವನ್ನು ಆರಿಸಿಕೊಳ್ಳಿ. ರೋಧ ಬಯಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬರಲಿ, ಆದರೆ ಪ್ರತಿ ಬಾರಿಯೂ ಅಷ್ಟೇ ಬರಲಿ.

ಮಿಶ್ರಣದ ಕಡೆಯಲ್ಲೂ ಒಂದು ಮಾತು. ಪುಡಿಯನ್ನು ನೇರವಾಗಿ ಶೇ. 2ಕ್ಕೆ ಬೆರೆಸುವುದಕ್ಕಿಂತ, ಶೇ. 15ರ ಮಾಸ್ಟರ್‌ಬ್ಯಾಚನ್ನು (ನಳಿಕೆ ದಟ್ಟವಾಗಿ ಬೆರೆತ ಸಿದ್ಧ ಮಿಶ್ರಣವನ್ನು) ತಂದು ಸಾದಾ ಪಾಲಿಕಾರ್ಬೊನೇಟಿನಿಂದ ತೆಳುಗೊಳಿಸುವುದು ಮೇಲು. ಗಟ್ಟಿ ಉಂಡೆಗಳನ್ನು ಒಡೆಯಲು ಬೇಕಾದ ಬಲ ಅಷ್ಟು ದಪ್ಪನೆಯ ಮಿಶ್ರಣದಲ್ಲೇ ಚೆನ್ನಾಗಿ ಹುಟ್ಟುತ್ತದೆ, ಪುಡಿ ಹಾರುವ ತೊಂದರೆಯೂ ತಪ್ಪುತ್ತದೆ. ಉಂಡೆಗಳು ಒಡೆದಿವೆಯೇ ಎಂದು ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಗ್ರಾನ್ಯೂಲಿನಿಂದ 5 ಮೈಕ್ರೋಮೀಟರ್ ದಪ್ಪದ ಸೀಳನ್ನು ಮೈಕ್ರೋಟೋಮಿನಲ್ಲಿ ಕೊಯ್ದು ಸಾಮಾನ್ಯ ಸೂಕ್ಷ್ಮದರ್ಶಕದಡಿ ಬೆಳಕಿಗೆ ಹಿಡಿದರೆ, ಹೊಗೆ ಹಿಡಿದ ಗಾಜಿನಂಥ ಬೂದು ಹಿನ್ನೆಲೆಯಲ್ಲಿ ಒಡೆಯದ ಉಂಡೆಗಳು ಕಪ್ಪು ಸಾಸಿವೆ ಚೆಲ್ಲಿದಂತೆ ಎದ್ದು ಕಾಣುತ್ತವೆ. ಅವು ಅಲ್ಲೊಂದು ಇಲ್ಲೊಂದು ಇದ್ದರೆ ಚಿಂತೆಯಿಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಇದ್ದರೆ ಬೆರೆಸುವ ಕೆಲಸ ಅರ್ಧಕ್ಕೆ ನಿಂತಿದೆ. ಆಮ್ಲದಲ್ಲಿ ಕುದಿಸಿ ನಳಿಕೆಯ ಮೈಗೆ ರಾಸಾಯನಿಕ ಗುಂಪುಗಳನ್ನು ಅಂಟಿಸಿದರೆ ಚೆನ್ನಾಗಿ ಹರಡುತ್ತದೆ ಎಂಬ ಸಲಹೆ ನಿಮಗೆ ಸಿಕ್ಕಿದ್ದರೆ ಅದನ್ನು ಬದಿಗಿಡಿ. ಬಲಕ್ಕಾಗಿ ಮಾಡುವ ಕಾಂಪೊಸಿಟ್‌ಗಳಲ್ಲಿ ಅದಕ್ಕೆ ಅರ್ಥವಿದೆ, ಆದರೆ ಎಲೆಕ್ಟ್ರಾನುಗಳು ಓಡಾಡುವ ಇಂಗಾಲದ ಜಾಲವನ್ನೇ ಅದು ಗಾಯಗೊಳಿಸುವುದರಿಂದ ವಾಹಕತೆಗೆ ಕೆಡುಕೇ ಹೆಚ್ಚು.

ನಳಿಕೆಯ ಖರ್ಚೇ ಮುಖ್ಯ ತೊಡಕಾದರೆ, ಒಂದರಲ್ಲೊಂದು ಬೆರೆಯದ ಎರಡು ಪಾಲಿಮರುಗಳ ಮಿಶ್ರಣವನ್ನು ಯೋಚಿಸಬಹುದು. ಪಾಲಿಕಾರ್ಬೊನೇಟನ್ನು ಸ್ಟೈರೀನ್-ಆಕ್ರಿಲೋನೈಟ್ರೈಲ್ ಜೊತೆ ಕರಗಿಸಿ ಬೆರೆಸಿದಾಗ ನಳಿಕೆಗಳು ಪಾಲಿಕಾರ್ಬೊನೇಟಿನ ಭಾಗಕ್ಕೇ ವಲಸೆ ಹೋಗುತ್ತವೆ. ಆ ಭಾಗ ಇಡೀ ವಸ್ತುವಿನಲ್ಲಿ ಕಡಿಯದ ಎಳೆಯಾಗಿ ಹಬ್ಬಿದ್ದರೆ, ಅದರೊಳಗೆ ನಳಿಕೆಗಳ ಜಾಲ ಇನ್ನೊಂದು ಎಳೆಯಾಗಿ ಹಬ್ಬುತ್ತದೆ. ಒಟ್ಟಾರೆ ಬೇಕಾಗುವ ನಳಿಕೆ ಸುಮಾರು ಅರ್ಧಕ್ಕೆ ಇಳಿಯಬಹುದು. ಇದಕ್ಕೆ ದ್ವಿಪರ್ಕೊಲೇಷನ್ ಎಂಬ ಹೆಸರಿದೆ. ಟ್ರೇ ಒಂದಕ್ಕಾಗಿ ಇಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ಲೆಕ್ಕಕ್ಕೆ ಬಿಟ್ಟದ್ದು.

ನೀರು ಹಾಕಿ ಉಜ್ಜಿ ಎಂದದ್ದು ಧೂಳಿಗಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದು ನಿರ್ದಿಷ್ಟ ಬಗೆಯ ಬಹುಭಿತ್ತಿಯ, ಬಿರುಸಾದ ನಳಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ವರ್ಗಕ್ಕೆ ಸೇರಿಸಿತು. ಉಳಿದವುಗಳ ಬಗ್ಗೆ ತೀರ್ಮಾನಿಸಲು ಸಾಕ್ಷ್ಯ ಸಾಲದು ಎಂದಿತು. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಮಿತಿ, ಕೆಲಸದ ಪಾಳಿಯ ಸರಾಸರಿಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಅಚ್ಚಿನಿಂದ ಬಂದ ತಟ್ಟೆಯನ್ನು ಮುಟ್ಟುವುದರಿಂದ ಭಯವಿಲ್ಲ, ನಳಿಕೆಗಳು ಪ್ಲಾಸ್ಟಿಕ್ಕಿನೊಳಗೆ ಸೆರೆಯಾಗಿರುತ್ತವೆ. ಪುಡಿಯನ್ನು ತೂಗುವುದು, ತಟ್ಟೆಯನ್ನು ಒಣಗಿದ್ದಾಗ ಕೊಯ್ಯುವುದು, ಉಜ್ಜುವುದು ಇವನ್ನು ಮಾತ್ರ ಧೂಳು ಹೀರುವ ಪೆಟ್ಟಿಗೆಯೊಳಗೆ, ಸೂಕ್ಷ್ಮ ಕಣ ತಡೆಯುವ ಮುಖವಾಡ ಹಾಕಿಕೊಂಡೇ ಮಾಡಬೇಕು.

ಒಂದು ಸಾಧ್ಯತೆ ಉಳಿಯಿತು. ಬಿಸಿಯಲ್ಲಿ ಹಿಡಿದಿಟ್ಟ ಮೇಲೂ ತಟ್ಟೆಯ ರೋಧ ಇಳಿಯದಿದ್ದರೆ, ನಳಿಕೆಗಳು ವಿಪರೀತ ಮುರಿದಿವೆ ಎಂಬುದು ಮೊದಲ ಸಂಶಯ. ಹಾಳೆ ವಾಹಕವಾಗಿರುವುದರಿಂದ ಗ್ರಾನ್ಯೂಲಿನಲ್ಲಿ ಅಷ್ಟು ಮುರಿದಿರಲಾರವು. ಹಾಗಾಗಿ ಇಂಜೆಕ್ಷನ್ ಯಂತ್ರದ ಸ್ಕ್ರೂ ಮತ್ತು ಹಿಮ್ಮುಖ ಒತ್ತಡದ ಮೇಲೆ ಕಣ್ಣಿಡಬೇಕಾಗುತ್ತದೆ. ಗ್ರಾನ್ಯೂಲನ್ನೂ ತಟ್ಟೆಯ ತುಂಡನ್ನೂ ಬೇರೆಬೇರೆಯಾಗಿ ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಒಂದೊಂದು ಹನಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಜಾಲರಿಯ ಮೇಲೆ ಒಣಗಿಸಿ, ತಲಾ ಇನ್ನೂರು ನಳಿಕೆಗಳ ಉದ್ದವನ್ನು ಅಳೆದು ಹೋಲಿಸಿ. ಎರಡೂ ಸರಾಸರಿಗಳು ಹತ್ತಿರಹತ್ತಿರ ಬಂದರೆ ಆ ಅಂಕಿಗಳ ಜೊತೆ ಗೇಟಿನ ಅಳತೆ, ವೇಗ, ತಾಪಮಾನಗಳನ್ನೂ ಬರೆದು ಕಳುಹಿಸಿ. ಮುಂದಿನದನ್ನು ಅವುಗಳನ್ನು ನೋಡಿಯೇ ಹೇಳಬೇಕಾಗುತ್ತದೆ.